ಮಧ್ಯಾಹ್ನ ಹರಿದ ಹೂವು

ಧಾರವಾಡ
19 ಜನವರಿ 2009

ಮನಗೂಳಿಯ ನಮ್ಮ ಅತ್ತಿ ಸಿದ್ದವ್ವನವರಿಗೆ ಸೊಸೆ ಭಾಗ್ಯಜ್ಯೋತಿಯ ಶರಣು.

ನಾನಿಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ. ಊಟ ನಿದ್ದೆ ಸರಿಯಾಗಿದೆ, ಕ್ಷೇಮ ಮಾತ್ರ ಇಲ್ಲ. ಫೋನ್ ಮಾಡಿದರೆ ನೀವು ಬರುವುದಿಲ್ಲ. ‘ಕೈ ಹಸಿ ಅದಾವು ಅಂತ ಹೇಳು’ ಎಂದು ಒಳಗಿನಿಂದ ನೀವು ಅನ್ನುವುದು ನನಗೂ ಕೇಳಿಸುತ್ತದೆ. ಚೌತಿಯಿಂದ ಈವರೆಗೆ, ನಾಲ್ಕು ತಿಂಗಳು, ನಿಮ್ಮ ಕೈ ಒಣಗಿಲ್ಲ. ಅದಕ್ಕೇ ಈ ಕಾಗದ. ಮುಲ್ಕಿ ಪರೀಕ್ಷೆ ಪಾಸಾದವರು ನೀವು, ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಿಲ್ಲ. ಕೊನೆಯವರೆಗೆ ಓದಿರಿ, ಆಮೇಲೆ ಒಲೆಗೆ ಹಾಕಿದರೂ ಅಡ್ಡಿಯಿಲ್ಲ.

ಹೋದ ಚಳಿಗಾಲದಲ್ಲಿ ನನ್ನ ಸಂಶೋಧನೆಗೆಂದು ನಿಮ್ಮ ಹೊಲದ ಕೆಂಪು ಸೇವಂತಿಗೆಯನ್ನು ದಿನಕ್ಕೆ ಮೂರು ಸಲ ಗಿಡದಿಂದ ಹರಿದು ಕೊಡಿರೆಂದು ಕೇಳಿದ್ದೆ. ನಸುಕಿನಲ್ಲಿ, ಮಟಮಟ ಮಧ್ಯಾಹ್ನ, ಹೊತ್ತು ಮುಳುಗುವಾಗ. ನೀವು ಗಾಬರಿಯಾದಿರಿ. ನಿಮ್ಮ ತವರು ಲಚ್ಯಾಣದಲ್ಲೂ ಬಿಸಿಲಿನಲ್ಲಿ ಹೂವಿಗೆ ಕೈ ಹಚ್ಚಿದವರಿಲ್ಲವಂತೆ. ‘ಬಿಸಲಾಗ ಹರದ್ರ ಗಿಡಕ್ಕ ನೋವಾಕ್ಕೈತಿ’ ಎಂದಿರಿ. ಹಾಗೆ ಹೇಳಿಯೂ ಹದಿನೆಂಟು ದಿನ ಹರಿದಿರಿ. ನಿಮ್ಮ ಮಗ ಬಾಗೇವಾಡಿಯ ದನದ ದವಾಖಾನೆಯಲ್ಲಿ ಕೇಳಿ ತಂದಿಟ್ಟ ಡಬ್ಬಿ, ಹೋರಿಯ ವೀರ್ಯ ಕಾಯ್ದಿಡುವುದು, ಮುಚ್ಚಳ ತೆಗೆದರೆ ತಣ್ಣನೆಯ ಹೊಗೆ. ಹರಿದ ಹೊತ್ತಿನಲ್ಲಿ ಇದ್ದಂತೆಯೇ ಉಳಿಯಲೆಂದು ಹೂವನ್ನು ಕೂಡಲೇ ಅದರೊಳಗೆ ಇಳಿಬಿಟ್ಟಿರಿ. ಪಕ್ಕದ ಹೊಲದ ಗುರಣ್ಣ ಬದುವಿನ ಮೇಲೆ ನಿಂತು, ಸಿದ್ದವ್ವ ಹೂವಿಗಿ ಹೋರಿ ತೋರ್ಸಾಕತ್ತಾಳ ಎಂದು ಊರೆಲ್ಲ ನಗಿಸಿದ. ನೀವು ಅದನ್ನೂ ನುಂಗಿಕೊಂಡಿರಿ.

ಎಸಳಿಗೆ ಕೆಂಪು ತುಂಬುವ ಜೀನು, ಅಂದರೆ ವಂಶವಾಹಿ, ಯಾವ ಹೊತ್ತಿನಲ್ಲಿ ಎಷ್ಟು ದುಡಿಯುತ್ತದೆ ಎಂದು ನೋಡುವುದು ನನ್ನ ಕೆಲಸ. ಬಿಸಿಲೇರಿದಾಗ ಅದು ಸೋಮಾರಿಯಾಗಬೇಕು. ನನ್ನ ಅಳತೆಯಲ್ಲಿ ಮಧ್ಯಾಹ್ನದ ಹೂವಿನಲ್ಲೇ ಎರಡರಷ್ಟು ದುಡಿದಿತ್ತು. ಇದು ಆಗದ ಮಾತು ಅನ್ನಿಸಿತು. ಚೌತಿಗೆ ಬಂದವಳು ಮನೆಮಂದಿಯ ಎದುರಿಗೇ ಅಂದುಬಿಟ್ಟೆ, ಅತ್ತಿ ನಸುಕಿನಲ್ಲೇ ಎಲ್ಲ ಹೂ ಹರಿದು, ಉಡಿಯಲ್ಲಿಟ್ಟುಕೊಂಡು, ಮಧ್ಯಾಹ್ನ ಬಾಡಿದ ಮೇಲೆ ಡಬ್ಬಿಗೆ ಹಾಕಿದ್ದಾರೆ, ಅಳತೆ ಕೆಟ್ಟದ್ದು ಅದಕ್ಕೇ ಎಂದು. ನೀವು ಕಡಬು ತುಂಬುತ್ತಿದ್ದಿರಿ. ‘ನಾ ಹಂಗ ಮಾಡಿಲ್ಲವಾ’ ಎಂದಿರಿ, ಅಷ್ಟೇ. ನಾನು ನಂಬಲಿಲ್ಲ.

ಅತ್ತಿ, ನೀವು ಹಾಗೆ ಮಾಡಿರಲಿಲ್ಲ. ತಪ್ಪು ನನ್ನದು.

ಒಂದು ಜೀನು ಎಷ್ಟು ದುಡಿಯಿತು ಎಂದು ಅಳೆಯಲು, ಯಾವ ಹೊತ್ತಿನಲ್ಲೂ ಒಂದೇ ಸಮ ದುಡಿಯುವ ಇನ್ನೊಂದು ಜೀನು ಬೇಕು. ಸಂತೆಯ ತಕ್ಕಡಿಯಲ್ಲಿ ತೂಕದ ಕಲ್ಲು ಇರುತ್ತದಲ್ಲ, ಹಾಗೆ. ಬೇರೆ ಗಿಡಗಳಲ್ಲಿ ಸ್ಥಿರವೆಂದು ಹೆಸರಾದ ಒಂದನ್ನು ನಾನು ಕಣ್ಣುಮುಚ್ಚಿ ತೆಗೆದುಕೊಂಡೆ. ನಿಮ್ಮ ಸೇವಂತಿಗೆಯಲ್ಲಿ ಅದು ಬಿಸಿಲಿಗೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಕಲ್ಲೇ ಹಗುರಾದಾಗ ಹೂವು ಭಾರವಾಗಿ ಕಂಡಿತು. ಮೊನ್ನೆ ನನ್ನ ಗೈಡ್ ಮೇಡಂ ಇದನ್ನು ಪತ್ತೆ ಹಚ್ಚಿದರು. ಎಂಟು ಜೀನುಗಳನ್ನು ಪರೀಕ್ಷಿಸಿ, ಮೂರು ಹೊತ್ತೂ ಅಲುಗದ ಮೂರನ್ನು ಆರಿಸಿ, ಮತ್ತೆ ಅಳೆದೆವು. ನೀವು ಬಿಸಿಲಿನಲ್ಲಿ ನಿಂತ ಹದಿನೆಂಟು ಮಧ್ಯಾಹ್ನಗಳ ಲೆಕ್ಕವೂ ಸರಿಯಾಗಿ ಕೂತಿತು. ಹಾಳೆ ನೋಡುತ್ತ ನನಗೆ ಅಳು ಬಂತು.

ಈಗ ಈ ವರ್ಷದ ಹೂವಿನಲ್ಲೂ ಇದೇ ಬರುತ್ತದೆಯೇ ಎಂದು ನೋಡಬೇಕು. ಬೇರೆಯವರ ಹೂವಿನ ಮಡಿ ಆಗದು, ಅದೇ ತಳಿ, ಅದೇ ನೆಲ ಬೇಕು. ಇನ್ನು ಮೂರು ವಾರ ಹೂ ಬಿಟ್ಟೀತು ಎಂದು ನಿಮ್ಮ ಮಗ ಹೇಳಿದರು. ಅದು ತಪ್ಪಿದರೆ ನನ್ನ ಪ್ರಬಂಧ ಮುಂದಿನ ಚಳಿಗಾಲಕ್ಕೇ. ನೀವು ಹ್ಞೂಂ ಎಂದರೆ ಈ ಸಲ ಮಧ್ಯಾಹ್ನದ ಹೂ ನಾನೇ ಹರಿಯುತ್ತೇನೆ. ಗುರಣ್ಣ ನನ್ನನ್ನು ನೋಡಿ ನಗಲಿ. ನಿಮ್ಮ ಸಿಟ್ಟು ಇಳಿಯಲಿ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ನಿಮ್ಮ ಉತ್ತರದ ದಾರಿ ನೋಡುವ
ಭಾಗ್ಯಜ್ಯೋತಿ

ತಾ.ಕ.: ಇಂದು 21. ಎರಡು ದಿನ ಈ ಪತ್ರ ನನ್ನ ಚೀಲದಲ್ಲೇ ಇತ್ತು. ಮೇಡಂ ಮೊನ್ನೆ ಪತ್ತೆ ಹಚ್ಚಿದರು ಎಂದು ಬರೆದದ್ದು ಸುಳ್ಳು. ತಪ್ಪು ಕಂಡುಹಿಡಿದವಳೂ ಮತ್ತೆ ಅಳೆದವಳೂ ನಾನೊಬ್ಬಳೇ, ಅದೂ ದೀಪಾವಳಿಗೆ ಮೊದಲೇ. ಅಷ್ಟರಲ್ಲಿ ಈ ಹೂವಿನ ಬಗ್ಗೆ ಬರೆದ ನನ್ನ ಲೇಖನ ಒಂದು ದೊಡ್ಡ ವಿಜ್ಞಾನ ಪತ್ರಿಕೆಯಲ್ಲಿ ಒಪ್ಪಿಗೆಯಾಗಿತ್ತು. ಹೂ ಹರಿದವರ ತಪ್ಪಿನಿಂದ ಮಧ್ಯಾಹ್ನದ ಹೂಗಳನ್ನು ಬಿಟ್ಟಿದ್ದೇವೆ ಎಂದು ಅದರಲ್ಲಿ ಒಂದು ಸಾಲು ಬರೆದಿದ್ದೆ. ಹೆಸರು ಹಾಕಿರಲಿಲ್ಲ, ಆದರೆ ಹರಿದವರು ನೀವೊಬ್ಬರೇ. ಲೇಖನ ಕೈತಪ್ಪೀತೆಂದು ಮೂರು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಮಾತು ಬಿಟ್ಟಿದ್ದರೂ ನೀವು ಸಂಕ್ರಮಣಕ್ಕೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿ ಕಳಿಸಿದಿರಿ. ಇಂದು ಬೆಳಿಗ್ಗೆ ಮೇಡಂ ಮುಂದೆ ಎಲ್ಲ ಹೇಳಿ ಲೇಖನ ಹಿಂದಕ್ಕೆ ತೆಗೆದುಕೊಂಡೆ. ಅವರು ಹೊಸದಾಗಿ ಬರೆ ಎಂದರು. ಆ ಸಾಲು ಇದ್ದ ಜಾಗದಲ್ಲಿ ಈಗ ಹೀಗೆ ಬರೆದಿದ್ದೇನೆ: ಮೂರೂ ಹೊತ್ತಿನ ಹೂ ಹರಿದವರು ಸಿದ್ದವ್ವ, ಮನಗೂಳಿ. ಅದನ್ನು ಉಳಿಸಲು ನಿಮ್ಮ ಒಪ್ಪಿಗೆ ಬೇಕು. ಉತ್ತರ ಬರೆಯಬೇಡಿರಿ, ಶನಿವಾರದ ಬಸ್ಸಿಗೆ ನಾನೇ ಬರುತ್ತೇನೆ. ಬೇಡ ಎನ್ನುವುದಿದ್ದರೆ ಬಾಗಿಲಲ್ಲೇ ಅನ್ನಿರಿ.