ಮಾಸ್ತರರು ಮರೆತ ಪಾಸ್‌ವರ್ಡ್

ಫೆಬ್ರವರಿ 31, 2174

ಕಲ್ಲೂರಹಳ್ಳಿ ಪ್ರೌಢಶಾಲೆಯ ವೀರಭದ್ರಪ್ಪ ಮಾಸ್ತರರಿಗೆ,

ಈ ತಾರೀಖು ನಿಮಗೆ ತಪ್ಪೆನಿಸಬಹುದು, ನನ್ನ ಕನ್ನಡ ಒರಟೆನಿಸಬಹುದು. ಕ್ಷಮಿಸಿ. ಇವೆರಡಕ್ಕೆ ಮಾತ್ರ ಕ್ಷಮೆ ಕೇಳುತ್ತಿದ್ದೇನೆ.

ನಾನು ನಿಮ್ಮ ಒಂಬತ್ತನೇ ತರಗತಿಯ ಹುಲಿಗೆವ್ವಳ ಆರನೇ ತಲೆಮಾರಿನವಳು. ನಿಮ್ಮ ಕಂಪ್ಯೂಟರ್ ಕೋಣೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಚಪ್ಪಲಿ ಹೊರಗೆ. ಒಂದು ಕಂಪ್ಯೂಟರಿಗೆ ಐದು ಮಕ್ಕಳು, ಮೌಸ್ ಮಾತ್ರ ಹೆಚ್ಚು ಅಂಕದವರ ಕೈಯಲ್ಲಿ. ಹುಲಿಗೆವ್ವ ವರ್ಷವಿಡೀ ಮಾನಿಟರಿನ ಮೇಲಿನ ಬಟ್ಟೆ ಮಡಚಿದ್ದಷ್ಟೇ. ಗದ್ದಲ ಹೆಚ್ಚಾದರೆ ನೀವು ಕೂತಲ್ಲಿಂದಲೇ ಎಲ್ಲ ಪರದೆಗಳಿಗೂ ಬೀಗ ಹಾಕುತ್ತೀರಿ. ಈ ಕಾಗದ ನಿಮ್ಮ ಕೈ ಸೇರುವ ಇವತ್ತು ಹಾಗೆ ಹಾಕಿ, ತೆರೆಯುವ ಪಾಸ್‌ವರ್ಡನ್ನು ನೀವೇ ಮರೆತಿರಿ. ಮುಖ್ಯ ಗುರುಗಳು ಬಂದಾಗ ಬಟ್ಟೆ ಹಿಡಿದು ನಿಂತವಳನ್ನು ತೋರಿಸಿ, “ಇಕೀನ ಏನೋ ಒತ್ಯಾಳ್ರೀ ಸರ್, ಎಲ್ಲಾ ಬಂದ್ ಬಿದ್ದಾವು” ಎಂದಿರಿ. ಆಮೇಲೆ ಆನ್‌ಲೈನ್ ವರದಿಯಲ್ಲಿ ಅವಳ ಹೆಸರಿನ ಮುಂದೆ ‘ಯಂತ್ರ ಕೆಡಿಸುವವಳು’ ಎಂದು ಬರೆದಿರಿ.

ಆ ಸಾಲು ಅಳಿಯಲೇ ಇಲ್ಲ. ನಮ್ಮ ಕಾಲದಲ್ಲಿ ಮಗು ಕೀಲಿಮಣೆ ಮುಟ್ಟುವ ಮೊದಲು ಅದರ ‘ಬೆರಳುಗುಣ’ ನೋಡುತ್ತಾರೆ, ಅಂದರೆ ಹಿಂದಿನ ಏಳು ತಲೆಮಾರು ಶಾಲೆಯ ಯಂತ್ರದ ಮುಂದೆ ಹೇಗೆ ನಡೆದುಕೊಂಡಿತ್ತು ಎಂಬ ದಾಖಲೆ. ನಮ್ಮಲ್ಲಿ ಯಾರಿಗೂ ಕೀಲಿಮಣೆ ಸಿಕ್ಕಲಿಲ್ಲ. ಡಾಕ್ಟರಾಗಬೇಕೆಂದಿದ್ದ ನನ್ನ ತಾಯಿ ಆಸ್ಪತ್ರೆಯ ನೆಲ ಒರೆಸುತ್ತಲೇ ತೀರಿಕೊಂಡಳು. ಯಂತ್ರ ಬಾರದ ನಮ್ಮಂಥವರನ್ನು ‘ಪರದೆಗಾವಲಿಗೆ’ ಇಡುತ್ತಾರೆ. ತರಗತಿಯ ಹಿಂದೆ ನಿಂತು, ಮಕ್ಕಳ ತಪ್ಪುಗಳನ್ನು ಶಾಯಿಯಲ್ಲಿ ಬರೆದುಕೊಡುವ ಕೆಲಸ ಅದು.

ಹೋದ ವಾರ ನಾನು ಕಾಯುವ ತರಗತಿಗೆ ಶಾಂಭವಿ ಬಂದಳು. ನಿಮ್ಮ ಮೊಮ್ಮಗನ ಮರಿಮೊಮ್ಮಗಳು, ಹನ್ನೊಂದು ವರ್ಷ. ನಿನ್ನೆ ತನ್ನ ಪಾಸ್‌ವರ್ಡ್ ತಾನೇ ಮರೆತು, ಪಕ್ಕದ ಹುಡುಗಿ ಕೆಡಿಸಿದಳೆಂದು ದೂರಿದಳು. ನೂಲಿನಂತೆ ಸೀರೆ ಅನ್ನುತ್ತಾರಲ್ಲ. ಖುಷಿಯಿಂದ ಶಾಯಿಯ ಬಾಟಲಿ ತೆರೆದೆ. ಇದ್ದದ್ದನ್ನು ಇದ್ದಂತೆ ಬರೆದುಕೊಟ್ಟೆ. ನಿಮ್ಮಂತೆ ಸುಳ್ಳು ಬರೆಯಲಿಲ್ಲ. ಶಾಂಭವಿ ನನ್ನ ಸೆರಗು ಹಿಡಿದು ಅತ್ತಳು. ಬಿಡಿಸಿಕೊಂಡೆ. ಇನ್ನು ಏಳು ತಲೆಮಾರು ನಿಮ್ಮವರು ಬಟ್ಟೆ ಮಡಚಲಿ.

ಹಿಂದಿನ ಕಾಲಕ್ಕೆ ಹೋಗುವ ಅಂಚೆಯಲ್ಲಿ ನಮಗೆ ಬದುಕಿಗೊಂದೇ ಹಾಳೆ. ನನ್ನದನ್ನು ನಿಮಗೇ ಬರೆದೆ. ನಿಮ್ಮ ವರದಿಗೆ ನಾಳೆ ಹತ್ತು ಗಂಟೆಗೆ ಮುಖ್ಯ ಗುರುಗಳ ಒಪ್ಪಿಗೆ ಬೀಳುತ್ತದೆ. ಅದಕ್ಕೂ ಮೊದಲು ಮಕ್ಕಳೆದುರು ನಿಂತು ತಪ್ಪು ನಿಮ್ಮದೆಂದು ಹೇಳಿದರೆ ನಾನು ಈ ಕಾವಲಿಗೆ ಬರುವುದಿಲ್ಲ, ಶಾಂಭವಿಯ ಮೇಲೆ ಬರೆದ ಕೈಯೇ ಇರುವುದಿಲ್ಲ.

ಹೇಳಿ ಎಂದು ನನ್ನ ತಾಯಿಗಾಗಿ ಬೇಡುತ್ತೇನೆ. ನನ್ನನ್ನೇ ಕೇಳಿದರೆ, ನಿನ್ನೆಯ ಆ ಖುಷಿ ನನಗೆ ಉಳಿಯಲಿ, ಬಾಯಿ ಮುಚ್ಚಿಕೊಂಡಿರಿ.

ಇತಿ,
ನೀಲಗಂಗಾ