ಮುಳ್ಳಿಲ್ಲದ ಗುಳ್ಳ

ಉಡುಪಿ, ಮಂಗಳವಾರ

ಮೋಹಿನಿಯಕ್ಕನವರಿಗೆ ನಮಸ್ಕಾರ.

ನಿನ್ನೆ ನಿಮ್ಮ ಊರು ಮಟ್ಟುವಿನಿಂದ ಬಂದ ಗುಳ್ಳ ಬದನೆಯ ತೊಟ್ಟುಗಳಲ್ಲಿ ಮುಳ್ಳಿತ್ತು. ನಮ್ಮ ಹೋಟೆಲಿನಲ್ಲಿ ತರಕಾರಿ ಹೆಚ್ಚುವ ನರ್ಮದಮ್ಮನ ಬೆರಳಿಗೆ ಚುಚ್ಚಿತು. ಬೇರೆ ಯಾರದೋ ಗದ್ದೆಯ ಮಾಲು ಕಳುಹಿಸಿದ್ದೀರಿ ಎಂದು ನಾನು ಫೋನಿನಲ್ಲಿ ರೇಗಿದೆ. ಫೋನ್ ಎತ್ತಿದವರು ನಿಮ್ಮ ಸೊಸೆ ಆಶ್ರಿತಾ.

"ಗುಳ್ಳಕ್ಕೆ ಮುಳ್ಳು ಯಾವಾಗಲೂ ಉಂಟಲ್ಲ ಮಾರಾಯ್ರೆ. ನಿಮ್ಮ ಬುಟ್ಟಿಯದ್ದನ್ನು ಅತ್ತೆ ಕೂತು ಒಂದೊಂದೇ ತೆಗೆಯುತ್ತಿದ್ದದ್ದು. ಈಗ ಅವರ ಬಲಗೈಗೆ ಪ್ಲಾಸ್ಟರ್ ಹಾಕಿದ್ದಾರೆ. ಎಂತ, ನಿಮಗೆ ಗೊತ್ತೇ ಇರಲಿಲ್ವಾ?" ಎಂದರು.

ನಿಮ್ಮ ಗುಳ್ಳಕ್ಕೆ ಮುಳ್ಳೇ ಇಲ್ಲ ಎಂದು ಹನ್ನೊಂದು ವರ್ಷ ಗಿರಾಕಿಗಳ ಮುಂದೆ ಹೊಗಳಿದ್ದೇನೆ. ಹೊಗಳಿದ್ದು ಗದ್ದೆಯ ಮಣ್ಣನ್ನು. ನಿಮಗೆ ಒಂದು ಒಳ್ಳೆಯ ಮಾತು ಹೇಳಿದ ನೆನಪಿಲ್ಲ. "ಆ ಕೈಗೆ ಎಷ್ಟು ಚುಚ್ಚಿರಬೇಕು" ಎಂದರು ವಿಷಯ ಕೇಳಿದ ನರ್ಮದಮ್ಮ.

ಇನ್ನು ಮುಳ್ಳಿನೊಂದಿಗೇ ಕಳುಹಿಸಿ. ಇಲ್ಲಿ ನಾನು ತೆಗೆಯುತ್ತೇನೆ. ಇಂದು ಆರನೆಯ ಕಾಯಿಗೇ ನನ್ನ ಬೆರಳಲ್ಲಿ ರಕ್ತ ಬಂತು.

ನಿಮ್ಮಿಂದ ಬಹಳ ಉಪಕಾರವಾಗಿದೆ. ಇದನ್ನು ಎದುರು ನಿಂತು ಹೇಳಬೇಕು. ಭಾನುವಾರ ನರ್ಮದಮ್ಮನೂ ನಾನೂ ಬರುತ್ತೇವೆ. ಆಗ ಮುಳ್ಳು ತೆಗೆಯುವ ರೀತಿಯನ್ನು ತೋರಿಸಿಕೊಡಿ. ಎಡಗೈಯಲ್ಲಿ ತೋರಿಸಿದರೂ ಸಾಕು.

ಇತಿ,
ರಾಮದಾಸ