ಬೊಂಬೆಗೆ ತೊಡಿಸಿದ ಸ್ವೆಟರ್

ಪ್ಲಿಮತ್, ನವೆಂಬರ್ ೬

ತಂಗಿ ಸುಮಿತ್ರಾಗೆ ಆಶೀರ್ವಾದ.

ನಿನ್ನೆ ಸಂಜೆ ಅಳಿಯಂದಿರು ಇಂಗ್ಲೆಂಡಿನ ಈ ಊರಿನ ಸಂಘದ ಪಟಾಕಿ ಹಬ್ಬಕ್ಕೆ ಕರೆದುಕೊಂಡು ಹೋಗಿದ್ದರು. ಐದು ರಾಕೆಟ್ ಬಿಟ್ಟು ಹತ್ತು ನಿಮಿಷ ಚಪ್ಪಾಳೆ ತಟ್ಟುವ ಜನ. ನಾವೆಲ್ಲ ಹಗ್ಗದ ಈಚೆ ದನಗಳ ಹಾಗೆ ನಿಂತಿದ್ದೆವು. ನಾನೂರು ವರ್ಷದ ಹಿಂದೆ ರಾಜನ ಸಭೆಯನ್ನೇ ಉಡಾಯಿಸಲು ಸಿಡಿಮದ್ದು ಇಟ್ಟವನ ಹುಲ್ಲಿನ ಬೊಂಬೆಯನ್ನು ಇವರು ಇನ್ನೂ ಸುಡುತ್ತಾರಂತೆ. ಸೌದೆಯ ಮೇಲೆ ಕೂರಿಸಿದ್ದ ಆ ಬೊಂಬೆಯ ಮೈಮೇಲೆ ಏನಿತ್ತು ಗೊತ್ತೇ? ನೀನು ಬಣ್ಣ ಆರಿಸಿ, ನಾನು ಮೂರು ತಿಂಗಳು ಹೆಣೆದು ಅಳಿಯಂದಿರಿಗೆ ಕಳಿಸಿದ್ದ ಕಂದು ಸ್ವೆಟರ್.

"ಹಳೇ ಬಟ್ಟೆ ಕೇಳಿದ್ರು ಅತ್ತೆ. ಅದು ನಂಗೆ ಸ್ವಲ್ಪ ಟೈಟ್ ಆಗ್ತಿತ್ತು" ಎಂದರು.

"ಬೆಂಕಿಗೇನೂ ಟೈಟ್ ಆಗಲ್ಲ ಬಿಡಿ" ಎಂದು ಹಗ್ಗ ದಾಟಿದೆ. ಹೆಲ್ಮೆಟ್ ಹಾಕಿದವನೊಬ್ಬ ಏನೋ ಕೂಗಿದ. ನಾನು ಕಿವಿಗೆ ಹಾಕಿಕೊಳ್ಳದೆ ಸ್ವೆಟರ್ ಬಿಚ್ಚಿಕೊಂಡೇ ಬಂದೆ. ಬೊಂಬೆ ಬರಿಮೈಯಲ್ಲಿ ಉರಿಯಿತು. ವಿನಿತಾ ಮಾತ್ರ ಅಮ್ಮ ಮಾನ ಕಳೆದಳು ಎಂದು ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದಳು.

ಮಂಡಿನೋವು ಕಡಿಮೆ. ಬಿ.ಪಿ. ಮಾತ್ರೆ ಜನವರಿಯವರೆಗೆ ಸಾಕು.

ಇವತ್ತು ಬೆಳಿಗ್ಗೆ ಅಳಿಯಂದಿರು ಆ ಸ್ವೆಟರನ್ನೇ ಹಾಕಿಕೊಂಡು ಆಫೀಸಿಗೆ ಹೊರಟರು. ಹೊಟ್ಟೆಯ ಹತ್ತಿರ ನಿಜವಾಗಿಯೂ ಬಿಗಿಯಾಗಿದೆ. ನಾನು ನೋಡದವಳ ಹಾಗೆ ಕಾಫಿ ಕೊಟ್ಟೆ.

ಅಂಚೆ ವ್ಯಾನ್ ಬಂತು.

ಶಾರದಕ್ಕ